ಬರೀ ಎಳ್ಳು ಅಂದವಳು

ರಾಮಕೃಷ್ಣನಗರ, ಮೈಸೂರು
14 ನವೆಂಬರ್ 2025

ನನ್ನ ಮುದ್ದು ಸಿಂಚನಾ,

ಹೇಗಿದ್ದೀಯ ಕಂದ? ಉಸಿರಾಟ ಸಲೀಸಾಗಿದೆಯಾ? ತೊಡೆಗೆ ಚುಚ್ಚಿಕೊಳ್ಳುವ ಆ ಇಂಜೆಕ್ಷನ್ನನ್ನು ರೂಮಿನಲ್ಲಿ ಬಿಟ್ಟು ಊಟಕ್ಕೆ ಹೋಗುತ್ತಿಲ್ಲ ತಾನೇ? ಹಾಸನದಲ್ಲಿ ಚಳಿ ಶುರುವಾಗಿರಬೇಕು, ಕಿವಿಗೆ ಬಟ್ಟೆ ಕಟ್ಟಿಕೋ. ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದರ ಚಿಂತೆ ಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ಮಧ್ಯದಲ್ಲೇ "ಬುಡಜ್ಜಿ, ಆಗಿದ್ದಾಯ್ತು" ಅಂದುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ನಿನ್ನ ದೊಡ್ಡಮ್ಮ ಪ್ರೇಮಲೀಲಾಳದು. ಮಹಾಲಯ ಅಮಾವಾಸ್ಯೆಯ ದಿನ ನಿನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದ ಮೇಲೆ ನಡೆದದ್ದನ್ನು ನಿನಗೆ ಯಾರೂ ಹೇಳಿಲ್ಲ. ಅವತ್ತು ತಾತನ ಎಡೆಗೆ ಅವಳು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಹಿರಿಯರಿಗೆ ಎಡೆ ಇಡುವ ತನಕ ಆ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ಇಲ್ಲದಿದ್ದರೆ ಒಂದು ತೊಟ್ಟು ನೆಕ್ಕಿದ್ದರೂ ನನಗೆ ಗೊತ್ತಾಗುತ್ತಿತ್ತು. ಕಡ್ಲೆಬೀಜ ಮೈಗಾಗದ ನೀನು ಪಾಪ, ಎಲೆಯ ಮುಂದೆ ಕೂತು ಕೇಳಿಯೇ ಕೇಳಿದೆ, "ದೊಡ್ಡಮ್ಮ, ಇದಕ್ಕೆ ಕಡ್ಲೆಬೀಜ ಹಾಕಿಲ್ಲ ಅಲ್ವಾ?" ಅಂತ. ಪಂಕ್ತಿಯಲ್ಲಿದ್ದ ಹೆಂಗಸರೆಲ್ಲ ಕಿವಿ ನೆಟ್ಟಗೆ ಮಾಡಿದರು. ಅವಳ ಎಣ್ಣೆಗಾಯಿಯ ಮಸಾಲೆಗೆ ಏನು ಬೀಳುತ್ತದೆಂದು ಇಷ್ಟು ವರ್ಷ ಒಬ್ಬರಿಗೂ ಹೇಳಿದವಳಲ್ಲ ಅವಳು. ಎಲ್ಲರೆದುರು ಗುಟ್ಟು ರಟ್ಟಾಗುತ್ತದೆಂದು, "ಎಳ್ಳು ಕಣಮ್ಮ, ಬರೀ ಎಳ್ಳು, ತಿನ್ನು" ಅಂದುಬಿಟ್ಟಳು. ಎರಡು ತುತ್ತಿಗೇ ನಿನ್ನ ತುಟಿ ಊದಿತು.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ಮಗು ಏನು ತಿಂದಳೆಂದು ಕೇಳಿದಾಗ ನಿನ್ನಪ್ಪ ಜೊತೆಗೆ ಬಂದಿದ್ದ ಅವಳ ಮುಖ ನೋಡಿದ. ಆಗಲೂ ಎಳ್ಳು ಅಂದಳು ಕಣೇ! ನಿನ್ನ ಮೂಗಿಗೆ ಆಕ್ಸಿಜನ್ ಹಾಕಿದ್ದರು, ಇವಳಿಗೆ ಮಸಾಲೆಯ ಮಾನ. ಡಾಕ್ಟರು ನಿನಗೆ ಇನ್ನು ಮೇಲೆ ಎಳ್ಳೂ ಕೂಡದು ಎಂದು ಬರೆಯಲು ಹೊರಟಿದ್ದರಂತೆ. ಇತ್ತ ಮನೆಯಲ್ಲಿ ನಾನು ಮಿಕ್ಸಿ ಜಾರು ತೊಳೆಯಲು ಹೋದರೆ ಬ್ಲೇಡಿನ ಅಡಿಯಲ್ಲಿ ಹುಣಸೆ ರಸದ ಜೊತೆ ಕಡ್ಲೆಬೀಜದ ಕೆಂಪು ಸಿಪ್ಪೆ ಅಂಟಿತ್ತು. ನಿನ್ನಪ್ಪನಿಗೆ ಫೋನ್ ಮಾಡಿದೆ. ಅವಳ ಗುಟ್ಟನ್ನು ಆಗಲೇ ಬಯಲು ಮಾಡಲಿಲ್ಲ. ಕಾದೆ.

ಮೊನ್ನೆ ವಿಜಯನಗರದಲ್ಲಿ ಅವಳ ತಂಗಿ ಸೌಮ್ಯಳ ಮಗುವಿನ ನಾಮಕರಣ. ಎಣ್ಣೆಗಾಯಿ ಇವಳದೇ. ರೇಷ್ಮೆ ಸೀರೆ ಉಟ್ಟು ತಾನೇ ಬಡಿಸುತ್ತಾ ಬಂದಳು, ಹೆಂಗಸರು ಎಂದಿನಂತೆ "ಗುಟ್ಟೇನ್ ಹೇಳ್ರೀ" ಎಂದು ಶುರುಮಾಡಿದರು. ನಾನು ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದೆ, "ನಾನ್ ಹೇಳ್ತೀನಿ ಕೇಳ್ರವ್ವಾ. ಕಡ್ಲೆಬೀಜ ಹುರ್ದು, ಹುಣಸೆ ರಸದಲ್ಲಿ ನುಣ್ಣಗೆ ರುಬ್ಬೋದು, ಗೊತ್ತಾಗ್ದೆ ಇರ್ಲಿ ಅಂತ ಮೇಲೆ ಎಳ್ಳು ಉದುರ್ಸೋದು. ಇಷ್ಟನ್ನ ಮುಚ್ಚಿಡಾಕೆ ನನ್ನ ಮೊಮ್ಮಗಳ ಜೀವ ತೆಗೀತಿದ್ಲು." ಪಕ್ಕದ ಎಲೆಯ ಅಂಬುಜಮ್ಮ, "ಅಯ್ಯೋ, ಇಷ್ಟೇನಾ? ಇದಕ್ಕಾ ಇಷ್ಟ್ ವರ್ಷ ಮೆರೆದಿದ್ದು!" ಎಂದು ನಕ್ಕೇ ನಕ್ಕಳು. ಪ್ರೇಮಲೀಲಾ ಬಡಿಸುವ ಪಾತ್ರೆಯನ್ನು ಅಲ್ಲೇ ಇಟ್ಟು ಒಳಗೆ ಹೋದವಳು ಎಲೆ ಎತ್ತುವ ತನಕ ಹೊರಗೆ ಬರಲಿಲ್ಲ. ನಾನು ಪಾಯಸ ಎರಡನೇ ಸಲ ಹಾಕಿಸಿಕೊಂಡೆ. ಅಷ್ಟು ರುಚಿಯಾದ ಪಾಯಸ ನಾನು ತಿಂದೇ ಇಲ್ಲ ಮಗಳೇ.

ನೀನು ಮಾತ್ರ ಬುದ್ಧಿ ಕಲಿ. ಕಡ್ಲೆಬೀಜ ಇದೆಯಾ ಎಂದು ಕೇಳಬೇಡ, ಇಲ್ಲ ಅನ್ನುವುದು ಎಲ್ಲರಿಗೂ ಸುಲಭ. ಗೊಜ್ಜು ಗಟ್ಟಿಯಾಗಲು ಏನು ರುಬ್ಬಿದಿರಿ, ಚಟ್ನಿಪುಡಿಗೆ ಏನೇನು ಹುರಿದಿರಿ, ಯಾವ ಎಣ್ಣೆ ಎಂದು ಕೇಳು. ಬಾಟಲಿಯ ಸಾಸ್ ಆದರೆ ಹಿಂದಿನ ಸಣ್ಣ ಅಕ್ಷರ ಓದು. ಉತ್ತರ ತಡವರಿಸಿತೋ, ತಟ್ಟೆ ಪಕ್ಕಕ್ಕಿಡು. ಯಾರ ಬೇಸರಕ್ಕೂ ಹೆದರಬೇಡ.

ನಿನ್ನ ಅಪ್ಪ ಅಮ್ಮ ನಿನ್ನ ಯೋಗಕ್ಷೇಮ ಕೇಳಿದ್ದಾರೆ. ಹೊಟ್ಟೆ ತುಂಬ ಉಂಡು, ನೆಮ್ಮದಿಯಾಗಿ ಉಸಿರಾಡಿಕೊಂಡು ನೂರು ಕಾಲ ಬಾಳು.

ನಿನ್ನ ಅಜ್ಜಿ,
ಬೆಟ್ಟಮ್ಮ

ಮರೆತಿದ್ದೆ: ಇದೇ 23ರ ಭಾನುವಾರ ಪ್ರೇಮಲೀಲಾ ನಿನ್ನ ಹಾಸ್ಟೆಲ್ಲಿಗೆ ಬರುತ್ತಾಳೆ. ಅಮಾವಾಸ್ಯೆಯಿಂದ ಅವಳನ್ನು ನನ್ನ ಅಡುಗೆಮನೆಗೆ ಸೇರಿಸಿಲ್ಲ. ಹಿರೀ ಸೊಸೆಯಾಗಿ ಮುಂದಿನ ವರ್ಷ ಎಡೆಯ ಒಲೆ ಹಚ್ಚಲು ಬಿಡಿ ಎಂದು ಅತ್ತಳು. "ಸಿಂಚನಾ ಬುಡು ಅಂದ್ರೆ ನಾನೂ ಬುಡ್ತೀನಿ" ಅಂದೆ. ನೀನು ಬಾಗಿಲಲ್ಲೇ "ಪರ್ವಾಗಿಲ್ಲ ದೊಡ್ಡಮ್ಮ" ಅನ್ನುವ ಪೈಕಿ. ಈ ಸಲ ಅನ್ನಬೇಡ. ಅಳಲಿ. ಕುಡಿಯಲು ನೀರು ಕೊಡು, ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬಾ, ಆ ಮಾತು ಮಾತ್ರ ಕೊಡಬೇಡ.