ಕಾಪುಬೀಗದ ಕೆಳಗಿನ ಗಾಯ

ರಾಯಚೂರು ನೆಲಮನೆಗಳು
ಉರಿಮಾಸ ಒಂಬತ್ತು, 2416

ಹಿಂದಿನ ಕಾಲದ ಬಂಧುಗಳೇ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ಉರಿಮಾಸವೆಂದರೆ ಬೇಸಿಗೆ ಹಿಗ್ಗಿದ ಮೇಲೆ ನಮ್ಮ ಪಂಚಾಂಗಕ್ಕೆ ಸೇರಿದ ಹದಿಮೂರನೆಯ ತಿಂಗಳು. ಆಗ ಹಗಲು ಹೊತ್ತು ಯಾರೂ ನೆಲದ ಮೇಲೆ ಬರುವುದಿಲ್ಲ. ನನ್ನ ಹೆಸರು ಅಮರೇಶ. ನೆಲದಡಿಯ ನಮ್ಮ ನೆಲಮನೆಗಳಿಗೆ ತಂಪು ಗಾಳಿ ತರುವ ಕೊಳವೆಗಳ ದುರಸ್ತಿ ನನ್ನ ಕೆಲಸ. ಹೆಂಡತಿ ನೀಲಾಂಬಿಕೆ ಮೂರು ವರ್ಷದ ಕರಾರಿನ ಮೇಲೆ ಚಂದ್ರನ ಗಣಿಗೆ ಹೋಗಿ ಹದಿನಾಲ್ಕು ತಿಂಗಳಾಯಿತು. ಗಣಿಯ ನಿಯಮದಂತೆ ತಿಂಗಳಿಗೊಮ್ಮೆ ಮಾತ್ರ ಅವಳ ಧ್ವನಿಸಂದೇಶ ಬರುತ್ತದೆ, ನನ್ನದೂ ತಿಂಗಳಿಗೊಮ್ಮೆಯೇ ಹೋಗುತ್ತದೆ.

ಇಷ್ಟು ಕಾಲ ಅಗಲುವ ದಂಪತಿಗಳು ನಮ್ಮಲ್ಲಿ ಇಷ್ಟಪಟ್ಟೇ ಕಾಪುಬೀಗ ಧರಿಸುತ್ತಾರೆ. ಗುಪ್ತಾಂಗವನ್ನು ಮುಚ್ಚಿ ಬೀಗ ಹಾಕುವ ಹಗುರ ಲೋಹದ ಕವಚ ಅದು. ಗಂಡನ ಕೀಲಿ ಹೆಂಡತಿಯ ಬಳಿ, ಹೆಂಡತಿಯದು ಗಂಡನ ಬಳಿ. ತೊಂದರೆಯಾದರೆ ಬಿಚ್ಚಲೆಂದು ಇನ್ನೊಂದು ಕೀಲಿಯನ್ನು ಅರಗಿನ ಮುದ್ರೆಯೊತ್ತಿದ ಲಕೋಟೆಯಲ್ಲಿ ಧರಿಸಿದವರಿಗೇ ಕೊಟ್ಟಿರುತ್ತಾರೆ. ನಾನು ಆ ಮುದ್ರೆ ಒಡೆಯಲಿಲ್ಲ. ಒಡೆದರೆ ಅವಳ ಕೈ ಬಿಟ್ಟಂತೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವಳು ಹೋದಮೇಲೆ ಮೈಗೆ ತಾಗುವಂತೆ ಉಳಿದದ್ದು ಆ ಭಾರ ಒಂದೇ.

ಸ್ನಾನದಲ್ಲಿ ಕವಚದ ಸಂದಿಯಿಂದ ನೀರು ಸುರಿದುಕೊಂಡು, ಸೋಪಿನ ನೊರೆ ಪೂರ್ತಿ ಹೋಗುವ ಮೊದಲೇ ಬಟ್ಟೆ ತೊಟ್ಟು ಕೆಲಸಕ್ಕೆ ಹೊರಡುತ್ತಿದ್ದೆ. ಕೊಳವೆಯೊಳಗೆ ಬೆವರು ಹರಿಯುತ್ತಿತ್ತು. ಮೊದಲು ತುರಿಕೆ ಬಂತು, ಪೌಡರ್ ಹಾಕಿದೆ. ಅದು ಬೆವರಿಗೆ ಗಂಟುಗಟ್ಟಿ ಇನ್ನಷ್ಟು ಉಜ್ಜಿತು. ಕವಚದ ಬುಡದ ಬಳೆ ಕೂರುವ ಜಾಗದ ಚರ್ಮ ಕೆಂಪಾಯಿತು, ಸುಲಿಯಿತು, ಆಮೇಲೆ ವಾಸನೆ ಹತ್ತಿತು. ಮೂರು ವಾರ ಯಾರಿಗೂ ಹೇಳಲಿಲ್ಲ. ಒಂದು ದಿನ ಜ್ವರದಲ್ಲಿ ಏಣಿಯಿಂದ ಕುಸಿದುಬಿದ್ದಾಗ ಜೊತೆಯವರು ನನ್ನನ್ನು ಚರ್ಮವೈದ್ಯೆ ಹಸೀನಾಬಾನು ಅವರ ಬಳಿ ಹೊತ್ತೊಯ್ದರು.

ಅವರು ನೋಡಿದರು, ಮುಖ ಸಿಂಡರಿಸಲಿಲ್ಲ. "ಕೀಲಿ ಎಲ್ಲೈತ್ರೀ?" ಎಂದು ಕೇಳಿದರು.

"ಜೇಬಿನಾಗ ಐತ್ರಿ. ಮುದ್ರಿ ಒಡಿಯಂಗಿಲ್ಲ ಅಂತ ಮನಸಿನಾಗ ಮಾತು ಕೊಟ್ಟೀನಿ."

"ಆಕಿ ಕೇಳ್ಯಾಳೇನು ಆ ಮಾತು?"

ಅವಳು ಕೇಳಿರಲಿಲ್ಲ.

"ಇನ್ನೆರಡು ದಿನ ಬಿಟ್ಟು ಬಂದಿದ್ರ ಕೊಯ್ಯಬೇಕಾಗ್ತಿತ್ತು ನೋಡ್ರಿ. ಒಡೀರಿ."

ಒಡೆದೆ. ಬಾವು ಬಂದಿದ್ದರಿಂದ ಕವಚ ತೆಗೆಯಲು ಅರ್ಧ ತಾಸು ಹಿಡಿಯಿತು. ನೋವಿಗಿಂತ ಹೆಚ್ಚಾಗಿ, ಮೈ ಖಾಲಿಯಾಯಿತೆಂದು ಅತ್ತೆ. ಹಸೀನಾಬಾನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಗಾಳಿಗೆ ಬಿಟ್ಟರು. ಮುಲಾಮು, ಮಾತ್ರೆ ಕೊಟ್ಟರು. ಗಾಯ ಮಾಯಲು ಒಂದು ತಿಂಗಳಾಯಿತು.

ಆ ತಿಂಗಳ ಧ್ವನಿಸಂದೇಶದಲ್ಲಿ ನೀಲಾಂಬಿಕೆಗೆ ಎಲ್ಲವನ್ನೂ ಹೇಳಿದೆ. ತಪ್ಪಾಯಿತೆಂದೂ ಹೇಳಿದೆ. ಉತ್ತರಕ್ಕೆ ಕಾದ ದಿನಗಳಲ್ಲಿ ಅನ್ನ ಸೇರಲಿಲ್ಲ. ಕೊನೆಗೆ ಅವಳ ಧ್ವನಿ ಬಂತು.

"ಅಮರೇಶ, ನಂದು ನಾ ಎರಡನೇ ತಿಂಗಳಿಗೇ ತೆಗೆದಿಟ್ಟೀನಿ. ಮೈಯೆಲ್ಲಾ ಕೆಂಪಗ ತುರಿಸೋ ಗಂಧಿ ಎದ್ದಿತ್ತು. ನೀ ಅಲ್ಲಿ ನನ್ನ ಸಲುವಾಗಿ ಕಾಯಾಕತ್ತಿ, ಹ್ಯಾಂಗ ಹೇಳಲಿ ಅಂತ ನಾಚಿಕಿ ಆತು. ನಾ ಹೇಳಿದ್ರ ನಿನಗ ಇಷ್ಟು ಆಗ್ತಿರಲಿಲ್ಲ."

ಅದನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಸಿಟ್ಟು ಬರಲಿಲ್ಲ. ಅವಳ ಮೈಗೆ ಗಂಧಿ ಎದ್ದಾಗ ಬೆನ್ನಿಗೆ ಮುಲಾಮು ಹಚ್ಚಲು ಅಲ್ಲಿ ಯಾರಿದ್ದರೋ ಎಂಬುದೊಂದೇ ಯೋಚನೆ.

ಇಂಥದ್ದನ್ನು ಧರಿಸುವವರು ನಿಮ್ಮಲ್ಲೂ ಇದ್ದಾರೆಂದು ಕೇಳಿದ್ದೇನೆ. ಅವರಿಗೆ ನನ್ನ ಬೇಡಿಕೆ ಇಷ್ಟೇ. ದಿನವೂ ಬಿಚ್ಚಿ ತೊಳೆಯಿರಿ, ಪೂರ್ತಿ ಒಣಗಿಸಿ. ಚರ್ಮ ಕೆಂಪಾದರೆ ತೆಗೆದಿಡಿ, ಸುಲಿದರೆ ವೈದ್ಯರಿಗೆ ತೋರಿಸಿ. ನಾಚಿಕೆಪಡಬೇಡಿ. ನಿಮ್ಮವರು ಪಕ್ಕದ ಕೋಣೆಯಲ್ಲೇ ಇದ್ದರೆ, ಎಲ್ಲಾದರೂ ನೋಯುತ್ತಿದೆಯೇ ಎಂದು ಎದ್ದು ಹೋಗಿ ಕೇಳಿ. ನಾನು ಕೇಳಿದರೆ ಉತ್ತರ ಬರಲು ಒಂದು ತಿಂಗಳು ಬೇಕು.

ಇಂತು,
ಅಮರೇಶ