ಅಣ್ಣಮ್ಮನಿಗೆ ಬಿಳಿ ಅನ್ನ

ಜೋಗುಪಾಳ್ಯ, ಬೆಂಗಳೂರು ದಂಡು
೧೪-೨-೧೯೪೫

ಪ್ರೀತಿಯ ಮಗ ಅಂಜನಮೂರ್ತಿಗೆ ಅಪ್ಪನ ಆಶೀರ್ವಾದಗಳು.

ಕಾಲಿನ ಹುಣ್ಣು ಮಾಯಿತೇ? ಪಲ್ಟನ್ನಿನಲ್ಲಿ ಹೊಟ್ಟೆತುಂಬ ಕೊಡುತ್ತಾರೆಯೇ? ನಾನು ಗಟ್ಟಿಯಾಗಿದ್ದೇನೆ, ನಾಲಿಗೆಯಂತೂ ಇನ್ನೂ ಗಟ್ಟಿ. ಆ ನಾಲಿಗೆಯಿಂದಲೇ ಒಂದು ತಪ್ಪಾಗಿದೆ. ನಿನ್ನ ಹೆಂಡತಿ ಮಗುವನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ, ಅಣ್ಣಮ್ಮ ಸೊರಗಿ ಗೋಡೆಯ ಮಣ್ಣು ಕೆರೆದು ತಿನ್ನುತ್ತಾಳೆ ಎಂದು ಹೋದ ತಿಂಗಳು ಬರೆದಿದ್ದೆನಲ್ಲ, ಅದರಲ್ಲಿ ಮಗು ಸೊರಗಿ ಮಣ್ಣು ತಿನ್ನುವುದಷ್ಟೇ ನಿಜ.

ಮಣ್ಣು ತಿನ್ನುವುದನ್ನು ಬಿಡಿಸಲು ನಾನು ದೊಡ್ಡಮುನಿಯಮ್ಮನನ್ನು ಕರೆಸಿದೆ. ಅವಳು ಅರಿಶಿನದ ಕೊಂಬು ಕಾಯಿಸಿ ಬರೆ ಹಾಕುವುದರಲ್ಲಿ ಹೆಸರಾದವಳು, ನಿನ್ನ ಹೊಟ್ಟೆಯ ಮೇಲಿನ ಗುರುತೂ ಅವಳದೇ. ಕೊಂಬು ಕಾದಿತ್ತು. ಎಂದೂ ನನ್ನೆದುರು ತಲೆಯೆತ್ತದ ಆದಿಲಕ್ಷ್ಮಿ ಮಗುವನ್ನು ಅವುಚಿಕೊಂಡು, "ಮಾವ, ಬೇಕಾದ್ರೆ ನನ್ಗೆ ಬರೆ ಹಾಕ್ಸಿ. ಮಗೂನ ಮುಟ್ಬೇಡಿ" ಎಂದಳು. ಹಾಗೆಯೇ ಹಲಸೂರು ದಾಟಿ ಆಸ್ಪತ್ರೆಗೆ ನಡೆದಳು. ಬೈಯುತ್ತಾ ನಾನೂ ಹಿಂದೆ ಹೋದೆ.

ಡಾಕ್ಟರಮ್ಮ ಮಗುವಿನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತ ಇಳಿದಿದೆ, ಮಣ್ಣಿನ ಚಪಲ ಅದರಿಂದಲೇ ಎಂದರು. ಏನು ತಿನ್ನಿಸುತ್ತೀರಿ ಎಂದು ಕೇಳಿದಾಗ ನಾನು ಎದೆಯುಬ್ಬಿಸಿ ಹೇಳಿದೆ: ನಾವೆಲ್ಲ ರಾಗಿ ಮುದ್ದೆ ಉಂಡು, ಮನೆಯ ರೇಷನ್ ಅಕ್ಕಿಯಷ್ಟನ್ನೂ ಮೊಮ್ಮಗಳಿಗೇ ಬಿಟ್ಟಿದ್ದೇವೆ, ಹಬ್ಬದ ಅನ್ನ ಅವಳಿಗೆ ದಿನವೂ. ಅವರು ಹಣೆ ಚಚ್ಚಿಕೊಂಡರು. ಬರೀ ಬಿಳಿ ಅನ್ನದಲ್ಲಿ ಮಗುವಿಗೆ ಬೇಕಾದ್ದೇನೂ ಇಲ್ಲವಂತೆ. ರಾಗಿಯ ಸರಿ ಕಾಯಿಸಿ, ಸೊಪ್ಪು ಬೇಯಿಸಿ ತಿನ್ನಿಸೋಣ ಎಂದು ಆದಿಲಕ್ಷ್ಮಿ ಎಷ್ಟು ಸಲ ಕೇಳಿದ್ದಳೋ! ನನ್ನ ಮೊಮ್ಮಗಳು ದನವೇ ಎಂದು ನಾನು ಗದರಿದ್ದೆ. ಅಲ್ಲಿ ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ನಾಚಿಕೆಯಾಯಿತು ಕಣಪ್ಪ.

ಈಗ ಔಷಧಿ ನಡೆದಿದೆ. ಕೆರೆಯಂಚಿನಲ್ಲಿ ಹೊನಗೊನ್ನೆ ಸೊಪ್ಪು ಕೀಳುವುದು ನನ್ನ ನೌಕರಿ. ಗಯಾಜ್ ತನ್ನ ಮಾಂಸದಂಗಡಿಯಲ್ಲಿ ಮಗುವಿಗೆಂದು ಕುರಿಯ ಈಲಿಯ ತುಂಡು ಎತ್ತಿಡುತ್ತಾನೆ, ಅದು ರಕ್ತಕ್ಕೆ ಒಳ್ಳೆಯದಂತೆ. ಮಣ್ಣು ಪೂರ್ತಿ ಬಿಟ್ಟಿಲ್ಲ, ಆದರೆ ನಿನ್ನೆ ನನ್ನ ಮೀಸೆ ಹಿಡಿದು ಎಳೆದಳು, ಅಷ್ಟು ಕಸುವು ಬಂದಿದೆ.

ಎಲ್ಲಿದ್ದರೂ ಮೈ ಕಾಪಾಡಿಕೋ.

ನಿನ್ನ ಅಪ್ಪ,
ಬೈಲಪ್ಪ

ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಮೊದಲೇ ಬರೆಯಲು ಧೈರ್ಯ ಬರಲಿಲ್ಲ. ನೀನು ಆದಿಲಕ್ಷ್ಮಿಗೆ ಬರೆದ ಕಾಗದ ಮೊನ್ನೆ ಬಂತು. ಮಾವನಾದವನು ಓದಬಾರದಿತ್ತು, ಓದಿದೆ. ನನ್ನ ದೂರು ನಂಬಿ ಅವಳಿಗೆ ತವರಿಗೆ ಹೋಗು ಎಂದಿದ್ದೀಯೆ. ಅವಳಿಗೆ ಕೊಟ್ಟಿಲ್ಲ, ಒಲೆಗೆ ಹಾಕಿದೆ. ಅವಳು ದಿನವೂ ಟಪಾಲಿನವನ ದಾರಿ ಕಾಯುತ್ತಾಳೆ. ಬೇಗ ಅವಳಿಗೆ ಇನ್ನೊಂದು ಕಾಗದ ಬರೆ. ಬೈಯುವುದಿದ್ದರೆ ನನ್ನ ಹೆಸರಿಗೆ ಬೇರೆ ಕಾಗದ ಹಾಕು.