ಬಾಣಂತಿ ಕೋಣೆಯ ಏಡಿಮರಿಗಳು

ಉಡುಪಿ, ಮೇ ೧೯೮೨

ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಏಡಿಮರಿಗಳ ಕುರಿತ ಪ್ರಬಂಧಕ್ಕೆ ಲೇಖಕರು ಇಬ್ಬರು: ನಾನು ಮತ್ತು ಸಫಿಯಾ. ಅವಳ ಹೆಸರು ಸುಳ್ಳು ಎಂದು ತಾವು ತೀರ್ಮಾನಿಸಿದ್ದೀರಿ. ಆ ಕೆಲಸ ನಡೆದಾಗ ಅವಳು ಹೆರಿಗೆ ರಜೆಯಲ್ಲಿದ್ದಳು, ರಜೆಯಲ್ಲಿದ್ದವಳು ಸಂಶೋಧನೆ ಮಾಡಲಾರಳು ಎಂಬುದು ತಮ್ಮ ತರ್ಕ. ‘ಈ ಕೆಲಸ ನನ್ನೊಬ್ಬಳದ್ದೇ’ ಎಂದು ನಾನು ಬರೆದುಕೊಟ್ಟರೆ ನನಗೆ ಬಡ್ತಿ. ಇಲ್ಲವಾದರೆ ಪ್ರಬಂಧ ಇಬ್ಬರ ಲೆಕ್ಕಕ್ಕೂ ಇಲ್ಲ. ತಾತ್ಕಾಲಿಕ ಉಪನ್ಯಾಸಕಿಯಾದ ಸಫಿಯಾ ಮಾತ್ರ ಹೇಗೂ ಜೂನ್‌ನಲ್ಲಿ ಕೆಲಸ ಬಿಟ್ಟು ಮನೆಗೆ ಹೋಗಬೇಕು. ಎಂಥ ಉದಾರ ಮನಸ್ಸು ತಮ್ಮದು!

ಏಡಿಮರಿ ಕಚೇರಿಯ ಕಡತವಲ್ಲ ಸ್ವಾಮಿ, ನೋಡದೆ ಬಿಟ್ಟರೆ ಸಂಜೆಯೊಳಗೆ ಹೆಚ್ಚಿನವು ಸಾಯುತ್ತವೆ. ಕೆಮ್ಮಣ್ಣು ಊರಿನ ಹಿನ್ನೀರಿನಲ್ಲಿ ಹಿಡಿಯುವವಳು ನಾನು, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುವವಳು ಸಫಿಯಾ. ನನ್ನ ಕಣ್ಣಿಗೆ ಅಷ್ಟು ಸೂಕ್ಷ್ಮ ಕಾಣದು. ಅವಳಿಗೆ ದೋಣಿ ಹತ್ತಿದರೆ ವಾಂತಿ. ಅವಳು ಹೆರಿಗೆಗೆಂದು ಉಚ್ಚಿಲದ ತಾಯಿಮನೆಗೆ ಹೋದಾಗ ಸೂಕ್ಷ್ಮದರ್ಶಕವೂ ಹೋಯಿತು. ನಾನು ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ.

ಅವಳ ತಾಯಿ ಕುಂಞಿಪಾತುಮ್ಮ ಬಾಗಿಲಲ್ಲೇ ತಡೆದರು. “ಎಂತ ಟೀಚರೇ ಇದು, ಬಾಣಂತಿ ಕೋಣೆಗೆ ಏಡಿಯಾ? ನಲವತ್ತು ದಿನ ಕಳೆಯುವ ತನಕ ಅವಳು ಇಂಥದ್ದನ್ನೆಲ್ಲ ಮುಟ್ಟಲಿಕ್ಕಿಲ್ಲ.”

“ಮುಟ್ಟುವುದಿಲ್ಲ ಉಮ್ಮಾ, ನೋಡುವುದು ಮಾತ್ರ” ಎಂದಳು ಸಫಿಯಾ ಒಳಗಿನಿಂದ.

ಮುದುಕಿ ನಕ್ಕುಬಿಟ್ಟರು. ಮರುದಿನದಿಂದ ಏಡಿಮರಿಯನ್ನು ಗಾಜಿನ ಮೇಲಿಟ್ಟು ಮಗಳ ಕಣ್ಣಿಗೆ ಒದಗಿಸುವ ಕೆಲಸ ಅವರದ್ದೇ ಆಯಿತು. ಸುಳ್ಳನ್ನೇ ಹುಡುಕುವುದಾದರೆ, ಈ ಮೂರನೆಯ ಹೆಸರು ಬಿಟ್ಟದ್ದನ್ನು ತಾವು ಕೇಳಬೇಕಿತ್ತು.

ಅವಳ ಚಿತ್ರಗಳಲ್ಲಿ ಎರಡು ರೂಪದ ಮರಿಗಳಿದ್ದವು. ಅವು ಎರಡು ಜಾತಿಯವೆಂದು ನಾನು ನಂಬಿದ್ದೆ. “ಅಲ್ಲ ಅಕ್ಕ, ಒಂದೇ ಜಾತಿ. ನಿನ್ನೆಯದ್ದೇ ಪೊರೆ ಕಳಚಿ ಹೀಗಾದದ್ದು” ಎಂದಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಇಡೀ ಪ್ರಬಂಧದಲ್ಲಿ ಹೊಸತೆಂದು ಇರುವುದು ಅದೊಂದೇ ಮಾತು. ಅದನ್ನು ನನ್ನದೆಂದು ಬರೆದುಕೊಡಬೇಕೇ?

ಒಬ್ಬರೇ ಮಾಡಿದ್ದು ಮಾತ್ರ ವಿದ್ವತ್ತು ಎಂಬ ನಿಯಮವನ್ನು ಎಲ್ಲಿಂದ ತಂದಿರಿ? ಕಾಪುವಿನ ಕಡಲ ತೀರದಲ್ಲಿ ಊರವರೆಲ್ಲ ಸೇರಿ ಎಳೆಯುವ ರಂಪಣಿ ಬಲೆಗೆ ಕೈ ಹಾಕಿದವರಿಗೆಲ್ಲ ಪಾಲು ಉಂಟು. ಮೀನು ಹಿಡಿದವರು ಯಾರೊಬ್ಬರು ಎಂದು ಅಲ್ಲಿ ಕೇಳಿ ನೋಡಿ, ನಕ್ಕು ಕಳುಹಿಸುತ್ತಾರೆ. ಅಷ್ಟು ದೂರ ಯಾಕೆ, ತಮ್ಮ ಅರ್ಧ ಪುಟದ ಪತ್ರಕ್ಕೇ ಐವರ ಸಹಿ! ಅವರಲ್ಲೊಬ್ಬರು ಸಭೆಗೇ ಬಂದಿರಲಿಲ್ಲವಂತೆ. ಅವರೂ ರಜೆಯಲ್ಲಿದ್ದರೇ?

ಮೊನ್ನೆ ಸಫಿಯಾ, “ಸಹಿ ಹಾಕಿಬಿಡಿ ಅಕ್ಕ, ಒಬ್ಬರಿಗಾದರೂ ಆಗಲಿ” ಎಂದಳು. ಆ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ನಾನು ಸಹಿ ಹಾಕುವುದಿಲ್ಲ. ಇಬ್ಬರ ಹೆಸರನ್ನೂ ಒಪ್ಪಿ, ಜೂನ್‌ಗೆ ಮೊದಲು ಅವಳ ಕೆಲಸ ಖಾಯಂ ಮಾಡಿ. ಆಗದಿದ್ದರೆ ತಮ್ಮ ಪತ್ರವನ್ನು ಬರೆದ ಒಬ್ಬರು ಯಾರೆಂದು ತಿಳಿಸಿ, ಉಳಿದ ನಾಲ್ವರ ಸಹಿ ಹೊಡೆದುಹಾಕಿ ಇನ್ನೊಮ್ಮೆ ಕಳುಹಿಸಿ.

ಇಂತಿ,
ಒಂಟಿ ಲೇಖಕಿಯಾಗಲು ಒಲ್ಲದ
ಸುಭಾಷಿಣಿ

(ಈ ಪತ್ರವನ್ನು ತಿದ್ದಿಕೊಟ್ಟವಳು ಸಫಿಯಾ. ಸಿಟ್ಟು ಮಾತ್ರ ನನ್ನೊಬ್ಬಳದ್ದೇ.)